ಅರವತ್ತೈದು ತುಂಬಿದರೆ ಕಳೆದ ಕೈ ಮತ್ತೆ ಬೆಳೆಯುತ್ತದೆಯೇ?



ಕಬ್ಬಿನ ಬೆಲೆ, ಸೊಸೈಟಿ ಸಾಲ, ಪಂಪ್‌ಸೆಟ್ಟಿನ ಕರೆಂಟು, ಇವುಗಳ ಬಗ್ಗೆ ಪ್ರತಿ ತಿಂಗಳೂ ಬರೀತೀವಿ. ಈ ಸಲ ನಮ್ಮ ನಮ್ಮ ಜಗಲಿಯ ಮೇಲೇ ಕೂತಿರುವ ಒಂದು ಸಂಕಟದ ಮಾತು ಎತ್ತಬೇಕಾಗಿದೆ. ದುಡಿಮೆಯಲ್ಲಿ ಅಂಗ ಕಳಕೊಂಡ ರೈತ ಮುದುಕನಾದಾಗ ಅವನ ಪಿಂಚಣಿಯ ಗತಿ ಏನು? ಈ ಪ್ರಶ್ನೆಯನ್ನು ನಾವು ಯಾರೂ ಕೇಳಿಲ್ಲ. ನಾನೂ ಕೇಳಿರಲಿಲ್ಲ, ನನ್ನ ಮನೆ ಬಾಗಿಲಿಗೇ ಬರುವ ತನಕ.

ನಮ್ಮಣ್ಣ ಇಪ್ಪತ್ತು ವರ್ಷದ ಹಿಂದೆ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದಾಗ ಬಲಗೈ ಸಿಕ್ಕಿಹಾಕಿಕೊಂಡಿತು. ಆಸ್ಪತ್ರೆ ಖರ್ಚಿಗೆ ಅರ್ಧ ಎಕರೆ ಭೋಗ್ಯಕ್ಕೆ ಹೋಯಿತು. ಆಮೇಲೆ ಅಂಗವಿಕಲರ ಮಾಸಾಶನ ಅಂತ ಒಂದಿಷ್ಟು ಬರತೊಡಗಿತು. ಡಾಕ್ಟರು ಪರ್ಸೆಂಟೇಜು ಹಾಕಿ ಎಪ್ಪತ್ತೈದಕ್ಕಿಂತ ಕಡಿಮೆ ಎಂದು ಬರೆದರು. ಅವರು ಅಳೆದದ್ದು ಕೈಯನ್ನು. ನೇಗಿಲು ಹಿಡಿಯೋಕೆ, ಹಾಲು ಕರೆಯೋಕೆ, ಹುಲ್ಲಿನ ಹೊರೆ ಕಟ್ಟೋಕೆ ಎಷ್ಟು ಪರ್ಸೆಂಟು ಕೈ ಬೇಕು ಅನ್ನೋದನ್ನು ಯಾರೂ ಅಳೆಯಲಿಲ್ಲ.

ಹೋದ ವರ್ಷ ಅಣ್ಣನಿಗೆ ಅರವತ್ತೈದು ತುಂಬಿತು. ಸಂಧ್ಯಾ ಸುರಕ್ಷಾದಲ್ಲಿ ಜಾಸ್ತಿ ಬರುತ್ತೆ ಅಂತ ಯಾರೋ ಹೇಳಿದರು. ಕಚೇರಿಗೆ ಹೋದೆವು. "ಯಜಮಾನ್ರೇ, ಒಬ್ಬರಿಗೆ ಒಂದೇ ಪಿಂಚಣಿ. ಅದನ್ನ ರದ್ದು ಮಾಡಿಸಿ, ಇದಕ್ಕೆ ಹೊಸದಾಗಿ ಅರ್ಜಿ ಹಾಕಿ" ಅಂದರು. ಹಳೇದು ಒಂದೇ ವಾರದಲ್ಲಿ ರದ್ದಾಯಿತು. ಹೊಸದು ಬರೋಕೆ ಐದು ತಿಂಗಳು ಹಿಡಿಯಿತು. ಆಧಾರಿನಲ್ಲಿ ಒಂದು ಜನ್ಮ ದಿನಾಂಕ, ಶಾಲೆ ದಾಖಲೆಯಲ್ಲಿ ಇನ್ನೊಂದು. ಐದು ತಿಂಗಳು ಅತ್ತಿಗೆ ಹಾಲಿನ ದುಡ್ಡಲ್ಲೇ ಔಷಧಿ ತಂದರು. ಕೊನೆಗೆ ಹಣ ಬಂದಾಗ ಬ್ಯಾಂಕಿನವರು ಬೆಳೆಸಾಲದ ಬಾಕಿ ಇದೆ ಅಂತ ಅದನ್ನು ಹಿಡಿದುಕೊಂಡರು. ಹತ್ತು ಜನ ಹೋಗಿ ಬಾಗಿಲಲ್ಲಿ ಕೂತ ಮೇಲೆ ಬಿಟ್ಟರು.

ಈಗ ಲೆಕ್ಕ ನೋಡಿ. ಸಂಧ್ಯಾ ಸುರಕ್ಷಾ ಯೋಜನೆ ನಮ್ಮ ರಾಜ್ಯದಲ್ಲಿ 2007ರಲ್ಲಿ ಬಂತು. 65 ದಾಟಿದ ಸಣ್ಣ ಮತ್ತು ಅತಿ ಸಣ್ಣ ರೈತರು, ಕೂಲಿಗಳು, ನೇಕಾರರು, ಮೀನುಗಾರರಿಗೆ ಅಂತ ಮಾಡಿದ್ದು. 2021ರಲ್ಲಿ ಅದನ್ನು ತಿಂಗಳಿಗೆ 1000ದಿಂದ 1200 ರೂಪಾಯಿಗೆ ಏರಿಸಿದರು. ಅದೇ ಹೊತ್ತಿಗೆ ಶೇಕಡಾ 40ರಿಂದ 75ರೊಳಗಿನ ಅಂಗವಿಕಲರ ಮಾಸಾಶನವನ್ನು 600ರಿಂದ 800ಕ್ಕೆ ಏರಿಸಿದರು. ಅಂದರೆ ಕೈಕಾಲು ನೆಟ್ಟಗಿರುವ ಮುದುಕನಿಗೆ 1200, ಕೈ ಕಳಕೊಂಡವನಿಗೆ 800! ಕೈ ಕಳಕೊಂಡವನು 1200 ಪಡೆಯಬೇಕಾದರೆ ಕೈ ಇಲ್ಲ ಅನ್ನೋದನ್ನು ಕಾಗದದಲ್ಲಿ ಮರೆತು, ಬರೀ ಮುದುಕ ಅಂತ ನಿಲ್ಲಬೇಕು. ಅರವತ್ತೈದು ತುಂಬಿದ ದಿನ ಹೋದ ಕೈ ಮತ್ತೆ ಬೆಳೆಯಿತೇ? ಮೊದಲು ಒಂದು ಕಷ್ಟವಿತ್ತು, ಈಗ ಮುಪ್ಪು ಸೇರಿ ಎರಡಾಯಿತು. ಸರ್ಕಾರದ ಲೆಕ್ಕದಲ್ಲಿ ಮಾತ್ರ ಎರಡು ಸೇರಿ ಒಂದೇ.

ಇದು ಬರೀ ಕರುಣೆಯ ಮಾತಲ್ಲ, ಕಾನೂನಿನ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಕಲಮು ಓದಿ. ಅಂಗವಿಕಲರಿಗೆ ಕೊಡುವ ಸಾಮಾಜಿಕ ಭದ್ರತೆಯ ನೆರವು, ಬೇರೆಯವರಿಗೆ ಅಂಥದೇ ಯೋಜನೆಯಲ್ಲಿ ಕೊಡುವುದಕ್ಕಿಂತ ಕಡೇಪಕ್ಷ ಶೇಕಡಾ 25ರಷ್ಟು ಹೆಚ್ಚಿರಬೇಕು ಎಂದಿದೆ. 1200ಕ್ಕೆ ಕಾಲು ಭಾಗ ಸೇರಿಸಿದರೆ 1500. ಇದು ಮೂರನೇ ಕ್ಲಾಸಿನ ಲೆಕ್ಕ. "ಆರ್ಥಿಕ ಶಕ್ತಿಯ ಮಿತಿಯೊಳಗೆ" ಎಂಬ ಮಾತೂ ಅದೇ ಕಲಮಿನಲ್ಲಿದೆ, ಸರ್ಕಾರ ಅದನ್ನು ಹಿಡಿದುಕೊಳ್ಳಬಹುದು. ಆದರೆ ಒಬ್ಬನಿಗೆ 1200 ಕೊಡುವ ಶಕ್ತಿ ಇರುವವರಿಗೆ ಅವನಿಗಿಂತ ಕಷ್ಟದಲ್ಲಿರುವವನಿಗೆ ಕಡಿಮೆ ಕೊಡುವ ನ್ಯಾಯ ಎಲ್ಲಿಂದ ಬಂತು?

ಕೇಂದ್ರದ್ದು ಇನ್ನೂ ಸೋಜಿಗ. 2009ರಲ್ಲಿ ತಂದ ಅದರ ಅಂಗವಿಕಲರ ಪಿಂಚಣಿ, ಬಡತನ ರೇಖೆಯ ಕೆಳಗಿದ್ದು ಶೇಕಡಾ 80ರಷ್ಟು ವಿಕಲತೆ ಇರುವವರಿಗೆ ಮಾತ್ರ. 2012ರಲ್ಲಿ ಅದಕ್ಕೆ ಗೊತ್ತು ಮಾಡಿದ ಪಾಲು ತಿಂಗಳಿಗೆ 300 ರೂಪಾಯಿ. ಎಂಬತ್ತು ವರ್ಷ ತುಂಬಿದರೆ 500. ಎಂಬತ್ತರ ತನಕ ಬದುಕಿ ತೋರಿಸಿದ್ದಕ್ಕೆ ಇನ್ನೂರು ರೂಪಾಯಿ ಇನಾಮು!

ಅದೇ ಸರ್ಕಾರಿ ನೌಕರನನ್ನು ನೋಡಿ. ನೌಕರಿಯಲ್ಲಿದ್ದಾಗ ಅಂಗ ಊನವಾದರೆ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಬೇರೆ ಜಾಗ ಇಲ್ಲದಿದ್ದರೆ ನಿವೃತ್ತಿ ವಯಸ್ಸಿನ ತನಕ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಇದೂ ಅದೇ ಕಾಯ್ದೆಯ 20ನೇ ಕಲಮು. ಅವನಿಗೆ ಸಿಗುವುದು ನ್ಯಾಯವೇ, ಅದರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ. ಬೆಲೆ ಏರಿದರೆ ಅವನಿಗೆ ತುಟ್ಟಿಭತ್ಯೆ ಏರುತ್ತೆ. ನಮ್ಮಣ್ಣನ ಪಿಂಚಣಿಗೆ ಯಾವ ತುಟ್ಟಿಭತ್ಯೆ ಇದೆ? ರೈತನಿಗೆ ನಿವೃತ್ತಿಯೇ ಇಲ್ಲ, ಚಟ್ಟ ಏರುವ ತನಕ ದುಡಿಮೆ. ಆದರೆ ಅವನ ಹಕ್ಕುಗಳಿಗೆ ಮಾತ್ರ ವಯಸ್ಸಿನ ಗಡುವು.

ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಇದೆಯಲ್ಲ, ಅಪಘಾತದಲ್ಲಿ ಸತ್ತರೆ ಇಲ್ಲವೇ ಪೂರ್ತಿ ಅಂಗ ಹೋದರೆ ಎರಡು ಲಕ್ಷ, ಭಾಗಶಃ ಹೋದರೆ ಒಂದು ಲಕ್ಷ ಕೊಡುವುದು, ಅದು 70 ವರ್ಷಕ್ಕೆ ನಿಂತುಹೋಗುತ್ತೆ. 2019ರಲ್ಲಿ ಬಂದ ಕಿಸಾನ್ ಮಾನಧನದಲ್ಲಿ 60 ತುಂಬಿದ ಮೇಲೆ ತಿಂಗಳಿಗೆ 3000, ಆದರೆ ಸೇರುವಾಗ ವಯಸ್ಸು 40 ದಾಟಿರಬಾರದು. ನನ್ನ ಓರಗೆಯವರಿಗೆ ಅದರ ಬಾಗಿಲೇ ತೆರೆಯಲಿಲ್ಲ.

ಹಾಗಾದರೆ ನಾವು ಕೇಳಬೇಕಾದದ್ದೇನು? ಮೊದಲನೆಯದು, 65 ತುಂಬಿದ ಅಂಗವಿಕಲ ರೈತನ ಪಿಂಚಣಿಯನ್ನು ಕಚೇರಿಯೇ ಬದಲಾಯಿಸಬೇಕು. ಹೊಸದು ಕೈಗೆ ಸಿಗುವ ತನಕ ಹಳೇದು ಒಂದು ತಿಂಗಳೂ ನಿಲ್ಲಬಾರದು. ಎರಡನೆಯದು, ಕಾಯ್ದೆ ಹೇಳಿದ ಕಾಲು ಭಾಗ ಹೆಚ್ಚುವರಿ ಮುಪ್ಪಿನಲ್ಲೂ ಸಿಗಬೇಕು. ಮೂರನೆಯದು, ಪಿಂಚಣಿ ಹಣ ಸಾಲದ ಬಾಕಿಗೆ ಜಮಾ ಆಗಬಾರದು. 2024ರಲ್ಲಿ ಬರ ಪರಿಹಾರದ ಹಣ ಸಾಲಕ್ಕೆ ಹಿಡಿಯಬಾರದೆಂದು ರಾಜ್ಯ ಸರ್ಕಾರವೇ ಬ್ಯಾಂಕುಗಳಿಗೆ ಹೇಳಿತು. ಪಿಂಚಣಿಗೂ ಅದೇ ಮಾತು ಹೇಳಲಿ. ನಾಲ್ಕನೆಯದು, ಬೆಲೆ ಏರಿದಂತೆ ಪಿಂಚಣಿಯೂ ಏರಬೇಕು.

ಸರ್ಕಾರ ಕೊಡುವ ತನಕ ನಾವು ಮಾಡಬೇಕಾದ್ದೂ ಇದೆ. ನಿಮ್ಮೂರಲ್ಲಿ ಅಂಥ ಹಿರಿಯರು ಯಾರಿದ್ದಾರೆ ಅಂತ ಒಂದು ಪಟ್ಟಿ ಮಾಡಿ. ಆಧಾರು, ಪಡಿತರ ಚೀಟಿ, ಅಂಗವಿಕಲರ ಗುರುತಿನ ಚೀಟಿಯಲ್ಲಿ ಹೆಸರು, ವಯಸ್ಸು ಒಂದೇ ಇದೆಯೇ ನೋಡಿ. ಅರವತ್ತೈದು ತುಂಬುವ ಮೊದಲೇ ಸರಿ ಮಾಡಿಸಿ. ಬಾಯಿ ಮಾತಿಗೆ ಹಳೇ ಪಿಂಚಣಿ ರದ್ದು ಮಾಡಿಸಬೇಡಿ, ಬರಹದಲ್ಲಿ ಕೇಳಿ. ತಹಶೀಲ್ದಾರರು ಪಿಂಚಣಿ ಅದಾಲತ್ ನಡೆಸಿದಾಗ ಒಬ್ಬೊಬ್ಬರೇ ಹೋಗಬೇಡಿ, ಹತ್ತು ಜನ ಸೇರಿ ಹೋಗಿ.

ನಾವು ಬೇಡುತ್ತಿರುವುದು ಭಿಕ್ಷೆಯಲ್ಲ. ಆ ಕೈ ಹೋದದ್ದು ಈ ದೇಶಕ್ಕೆ ಬೆಲ್ಲ ಮಾಡುವಾಗ. ಅದರ ಬಾಕಿ ಇನ್ನೂ ಸಂದಿಲ್ಲ.