ಹೊಸ ಪಾಲುದಾರ ಗುಡ್‌ವಿಲ್ ತರಬೇಕಲ್ಲವೇ?

ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ ಈಗ ಪಾಲುದಾರನ ಸೇರ್ಪಡೆಯ ಅಧ್ಯಾಯ ನಡೆಯುತ್ತಿದೆ. ನಡೆಯುತ್ತಿರುವ ಸಂಸ್ಥೆಗೆ ಹೊಸಬನೊಬ್ಬ ಸೇರುವಾಗ ಬಂಡವಾಳವನ್ನಷ್ಟೇ ತಂದರೆ ಸಾಲದು. ಹಳೆಯ ಪಾಲುದಾರರು ವರ್ಷಗಟ್ಟಲೆ ದುಡಿದು ಗಳಿಸಿದ ಹೆಸರಿಗೆ ಬೆಲೆಯಾಗಿ ಗುಡ್‌ವಿಲ್ ಮೊತ್ತವನ್ನೂ ತರಬೇಕು. ಆ ಹಣ ಹಳಬರಿಗೆ, ಅವರು ಬಿಟ್ಟುಕೊಟ್ಟ ಪಾಲಿನ ಅನುಪಾತದಲ್ಲಿ ಸೇರುತ್ತದೆ. ಈ ಲೆಕ್ಕ ಬರೆಯುವಾಗ ನನಗೆ ಅಮ್ಮಿಯ ನೆನಪಾಯಿತು.

ಅಮ್ಮಿ ಮನೆಯಲ್ಲೇ ಆರಿ ಕಸೂತಿ ಮಾಡುತ್ತಾರೆ. ಮರದ ಅಡ್ಡಾಗೆ ಬಟ್ಟೆಯನ್ನು ಬಿಗಿದು, ಕೊಕ್ಕೆ ಸೂಜಿಯಿಂದ ಜರಿ, ಮಣಿ ಪೋಣಿಸುವ ಕೆಲಸ. ದಾದಿಯಿಂದ ಕಲಿತದ್ದು. ಕಳೆದ ವರ್ಷ ಒಂದು ಬ್ಲೌಸಿಗೆ ಆರು ದಿನ ಹಿಡಿಯಿತು, ಸಿಕ್ಕಿದ್ದು ₹1,200. ಕೆಲವು ವಾರಗಳ ನಂತರ ಅದೇ ಬ್ಲೌಸ್ ಆ ಅಂಗಡಿಯ ಇನ್‌ಸ್ಟಾಗ್ರಾಂ ಪುಟದಲ್ಲಿ ಕಾಣಿಸಿತು. ಬೆಲೆ ₹9,500. ಕೆಳಗೆ ಡಿಸೈನರ್ ಹೆಸರು, ಜೊತೆಗೆ 'ಪರಂಪರೆಯ ಸ್ಪರ್ಶ' ಎಂಬ ಸಾಲು. ಅಮ್ಮಿ ಎರಡು ಬೆರಳಿನಿಂದ ಫೋಟೋ ದೊಡ್ಡದು ಮಾಡಿ ನೋಡಿದರು. ಬೆಲೆ ನೋಡಲಿಕ್ಕಲ್ಲ, ತೋಳಿನ ತುದಿಯಲ್ಲಿ ಬಿಚ್ಚಿ ಮತ್ತೆ ಹಾಕಿದ್ದ ಒಂದು ಎಲೆ ಸರಿಯಾಗಿ ಬಂದಿದೆಯೇ ಎಂದು ನೋಡಲಿಕ್ಕೆ.

ನಾನು ಕಾಮರ್ಸ್ ವಿದ್ಯಾರ್ಥಿ. ಬಟ್ಟೆಯ ಖರ್ಚು, ಅಂಗಡಿ ಬಾಡಿಗೆ, ತೆರಿಗೆ, ಮಾರಾಟವಾಗದೆ ಉಳಿಯುವ ಮಾಲಿನ ನಷ್ಟ ಎಲ್ಲವೂ ಬೆಲೆಯೊಳಗಿರುತ್ತವೆ ಎಂದು ಗೊತ್ತು. ಡಿಸೈನರ್ ಇಲ್ಲದಿದ್ದರೆ ಅಮ್ಮಿಗೆ ಆ ಆರು ದಿನದ ಕೆಲಸವೂ ಇರುತ್ತಿರಲಿಲ್ಲ ಎಂಬುದೂ ಗೊತ್ತು. ಆದರೆ 'ಪರಂಪರೆ' ಎಂಬ ಪದವನ್ನು ಬಳಸಿ ಮಾರಿದ ಮೇಲೆ, ಆ ಪರಂಪರೆ ಯಾರ ಕೈಯಲ್ಲಿತ್ತೋ ಅವರ ಖಾತೆಗೆ ಏನು ಜಮೆಯಾಯಿತು ಎಂದು ಕೇಳಬೇಕಲ್ಲವೇ?

ಹೆಸರಿಗೆ ಎಷ್ಟು ಬೆಲೆ ಇದೆ ಎಂಬುದಕ್ಕೆ ಒಂದು ಉದಾಹರಣೆ ನೋಡಿ. 2021ರ ಜನವರಿಯಲ್ಲಿ ಆದಿತ್ಯ ಬಿರ್ಲಾ ಫ್ಯಾಷನ್ ಕಂಪನಿ ಸಬ್ಯಸಾಚಿ ಬ್ರ್ಯಾಂಡಿನ ಶೇ. 51 ಪಾಲನ್ನು ₹398 ಕೋಟಿಗೆ ಖರೀದಿಸುವುದಾಗಿ ಪ್ರಕಟಿಸಿತು. ಸಬ್ಯಸಾಚಿ ಮುಖರ್ಜಿ ಕೈಕಸೂತಿಗೆ, ಕೈಮಗ್ಗಕ್ಕೆ ದೊಡ್ಡ ಗೌರವ ತಂದುಕೊಟ್ಟವರು, ಅದನ್ನು ಯಾರೂ ಅಲ್ಲಗಳೆಯಲಾರರು. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ಎಚ್ ಅಂಡ್ ಎಂ ಕಂಪನಿಯ ಜೊತೆ ಉಡುಪುಗಳನ್ನು ಬಿಡುಗಡೆ ಮಾಡಿದರು. ನೋಡಲು ಕೈಯಚ್ಚಿನ ಬಟ್ಟೆಯ ಹಾಗೆ, ಮುದ್ರಿಸಿದ್ದು ಮಾತ್ರ ಯಂತ್ರ. ಅದರಲ್ಲಿದ್ದ ಸೀರೆಯ ಬೆಲೆ ₹9,999. ಕರಕುಶಲ ಸಂಘಟನೆಗಳು ಬಹಿರಂಗ ಪತ್ರ ಬರೆದು, ಇದರಿಂದ ಕುಶಲಕರ್ಮಿಗಳಿಗೆ ಸಿಗಬೇಕಾದ ಕೆಲಸ ತಪ್ಪಿತು ಎಂದು ಆಕ್ಷೇಪಿಸಿದವು. ಕಡಿಮೆ ಬೆಲೆಗೆ ಲಕ್ಷಾಂತರ ಜನರಿಗೆ ಕೈಕೆಲಸ ಒದಗಿಸುವುದು ಕಷ್ಟ ಎಂಬ ವಾದದಲ್ಲೂ ಸತ್ಯವಿದೆ. ಆದರೂ ಸಂಸ್ಥೆಯ ಹಳೆಯ ಪಾಲುದಾರರನ್ನು ಹೊರಗೆ ನಿಲ್ಲಿಸಿ ಅವರ ಗುಡ್‌ವಿಲ್ಲನ್ನು ಮಾತ್ರ ಒಳಗೆ ಕರೆದಂತೆ ನನಗೆ ಕಂಡಿತು.

ಬೇರೆ ದಾರಿಯೂ ಇದೆ. ಗುಜರಾತಿನ ಕಛ್‌ನಲ್ಲಿ ಖತ್ರಿ ಸಮುದಾಯದವರು ತಲೆಮಾರುಗಳಿಂದ ಅಜ್ರಖ್ ಮುದ್ರಿಸುತ್ತಾರೆ. ಅಳಲೆಕಾಯಿಯ ನೀರಿನಲ್ಲಿ ಬಟ್ಟೆ ಅದ್ದಿ, ಕಬ್ಬಿಣದ ತುಕ್ಕು ಮತ್ತು ಬೆಲ್ಲವನ್ನು ಹುದುಗಿಸಿ ಕಪ್ಪು ತೆಗೆದು, ನೀಲಿಯಲ್ಲಿ ಮುಳುಗಿಸಿ, ಮತ್ತೆ ಮತ್ತೆ ತೊಳೆದು ಒಣಗಿಸುವ ದೀರ್ಘ ಕೆಲಸ ಅದು. ಹಿಂದೆ ಗುಜರಾತಿನಲ್ಲಿ ಅಚ್ಚೊತ್ತಿದ ಹತ್ತಿಬಟ್ಟೆಯ ಚೂರುಗಳು ಈಜಿಪ್ಟಿನ ಫುಸ್ತಾತ್‌ನಲ್ಲಿ ಸಿಕ್ಕಿವೆ. 2001ರ ಭೂಕಂಪದ ನಂತರ ಧಮಡ್ಕಾ ಗ್ರಾಮದ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿ ಬಣ್ಣ ಕೆಡತೊಡಗಿತು. ಹಲವು ಕುಟುಂಬಗಳು ಒಳ್ಳೆಯ ನೀರು ಹುಡುಕಿಕೊಂಡು ಹೋಗಿ ಹೊಸ ಊರನ್ನೇ ಕಟ್ಟಿದವು. ಆ ಊರಿನ ಹೆಸರು ಅಜ್ರಖ್‌ಪುರ. ಅಲ್ಲಿನ ಇಸ್ಮಾಯಿಲ್ ಮೊಹಮ್ಮದ್ ಖತ್ರಿ ಅವರಿಗೆ 2003ರಲ್ಲಿ ಇಂಗ್ಲೆಂಡಿನ ಡಿ ಮಾಂಟ್‌ಫರ್ಟ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 2005ರಲ್ಲಿ ಕಛ್‌ನಲ್ಲೇ ಕಲಾ ರಕ್ಷಾ ವಿದ್ಯಾಲಯ ಆರಂಭವಾಯಿತು. ಅಲ್ಲಿ ಡಿಸೈನ್ ಕಲಿತವರು ನೇಯುವವರು, ಬಣ್ಣ ಹಾಕುವವರು, ಅಚ್ಚೊತ್ತುವವರು. ಅಂದರೆ ಕುಶಲಕರ್ಮಿಯೇ ಡಿಸೈನರ್ ಆಗಬಹುದು, ತನ್ನ ಹೆಸರಿನಲ್ಲೇ ಮಾರಬಹುದು.

ಬಟ್ಟೆಯ ವಿಷಯದಲ್ಲಿ ಸಾಧ್ಯವಾದದ್ದು ತೋಟದ ವಿಷಯದಲ್ಲೂ ಸಾಧ್ಯ. ದೆಹಲಿಯ ಹುಮಾಯೂನ್ ಸಮಾಧಿಯ ಪಕ್ಕದಲ್ಲಿರುವ ಸುಂದರ್ ನರ್ಸರಿ 2018ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು. 90 ಎಕರೆಯ ಈ ಉದ್ಯಾನದ ವಿನ್ಯಾಸಕಾರ ಪ್ರೊ. ಮೊಹಮ್ಮದ್ ಶಹೀರ್. ಉದ್ಯಾನ ತೆರೆಯುವ ಮುನ್ನವೇ, 2015ರಲ್ಲಿ, ಅವರು ತೀರಿಕೊಂಡರು. ಮೊಘಲ್ ತೋಟದ ನೀರಿನ ಕಾಲುವೆ, ಪರ್ಷಿಯನ್ ರತ್ನಗಂಬಳಿಯ ವಿನ್ಯಾಸ ಎರಡರಿಂದಲೂ ಅವರು ಸ್ಫೂರ್ತಿ ಪಡೆದರು. ಆದರೆ ಅಲ್ಲಿ ಮಕ್ಕಳು ಆಡುತ್ತಾರೆ, ಕುಟುಂಬಗಳು ಊಟದ ಡಬ್ಬಿ ಬಿಚ್ಚುತ್ತವೆ. ಅದು ಇಂದಿನವರ ತೋಟ. ಪಕ್ಕದ ಹುಮಾಯೂನ್ ಸಮಾಧಿಯ ಜೀರ್ಣೋದ್ಧಾರದಲ್ಲಿ ಕಲ್ಲು, ಗಾರೆ, ಮರದ ಕುಶಲಕರ್ಮಿಗಳು ಸುಮಾರು 2 ಲಕ್ಷ ಮಾನವ ದಿನಗಳಷ್ಟು ದುಡಿದರು. ಬಣ್ಣದ ಹೆಂಚು ಮಾಡುವ ವಿದ್ಯೆ ಅಲ್ಲಿ ಮರೆತುಹೋಗಿತ್ತು. ಉಜ್ಬೇಕಿಸ್ತಾನದ ಕುಶಲಕರ್ಮಿಗಳಿಂದ ನಿಜಾಮುದ್ದೀನ್ ಬಸ್ತಿಯ ಯುವಕರು ಅದನ್ನು ಮತ್ತೆ ಕಲಿತರು. ನನ್ನ ಪ್ರಕಾರ ಇದೇ ಗುಡ್‌ವಿಲ್ ಪಾವತಿ. ಪರಂಪರೆಯಿಂದ ತೆಗೆದುಕೊಂಡಿದ್ದರಲ್ಲಿ ಒಂದಿಷ್ಟು ಕೆಲಸವಾಗಿ, ವಿದ್ಯೆಯಾಗಿ ವಾಪಸು ಹೋಯಿತು.

ಜಿಐ ಟ್ಯಾಗ್ ಇದೆಯಲ್ಲ ಎಂದು ಕೆಲವರು ಕೇಳಬಹುದು. ಬೀದರಿನ ಬಿದ್ರಿ ಕಲೆಗೆ 2006ರಲ್ಲೇ ಅದು ಸಿಕ್ಕಿದೆ, ಕಛ್ ಅಜ್ರಖ್‌ಗೆ 2024ರಲ್ಲಿ. ಒಳ್ಳೆಯದೇ. ಆದರೆ ಅದು ಕಾಪಾಡುವುದು ಊರಿನ ಹೆಸರನ್ನು. ಕೆಲಸ ಮಾಡಿದವರ ಹೆಸರು ಅದರಲ್ಲಿ ಬರುವುದಿಲ್ಲ. 2023ರಲ್ಲಿ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮಲ್ಲಿ ಎಷ್ಟೋ ಜನ ಒಬ್ಬ ಬಿದ್ರಿ ಕುಶಲಕರ್ಮಿಯ ಹೆಸರನ್ನು ಮೊದಲ ಬಾರಿಗೆ ಕೇಳಿದೆವು. ಮನೆಯ ಶೋಕೇಸಿನಲ್ಲಿ ಬಿದ್ರಿ ಹೂದಾನಿ ಇಟ್ಟುಕೊಂಡವರೂ ಸಹ.

ಹಾಗಾದರೆ ನಾವು ಏನು ಮಾಡಬಹುದು? ದೊಡ್ಡ ಕಂಪನಿಗಳ ಲೆಕ್ಕ ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಕಾಲೇಜಿನ ವಾಣಿಜ್ಯ ಮೇಳದಲ್ಲಿ ಪ್ರತಿ ವರ್ಷ ದುಪಟ್ಟಾ, ಬಳೆ, ಕಸೂತಿ ಚೀಲಗಳ ಮಳಿಗೆ ಇರುತ್ತದೆ. ಈ ಸಲ ಪ್ರತಿ ಬೆಲೆಚೀಟಿಯಲ್ಲಿ ಇನ್ನೆರಡು ಸಾಲು ಬರೆಯೋಣ: ಮಾಡಿದವರು ಯಾರು, ಎಷ್ಟು ದಿನ ಹಿಡಿಯಿತು. ಹೆಸರು ಹಾಕಲು ಅವರ ಒಪ್ಪಿಗೆ ಕೇಳೋಣ. ಮಾರಾಟದ ಲಾಭದಲ್ಲಿ ಅವರಿಗೆಷ್ಟು ಎಂಬುದನ್ನು ಮೇಳಕ್ಕೆ ಮುಂಚೆಯೇ ಬರೆದಿಡೋಣ. ಪಾಲುದಾರಿಕೆ ಪತ್ರ ಹೇಗೆ ಬರೆಯಬೇಕೆಂದು ನಮಗೆ ಕಲಿಸಿದ್ದಾರಲ್ಲ.

ಈ ಯೋಚನೆಯನ್ನು ಅಮ್ಮಿಗೆ ಹೇಳಿದೆ. 'ನನ್ನ ಹೆಸರು ಯಾಕೆ, ಯಾರು ಓದುತ್ತಾರೆ' ಎಂದು ನಕ್ಕರು. ಸ್ವಲ್ಪ ಹೊತ್ತಿನ ಮೇಲೆ ಅಡ್ಡಾದಿಂದ ತಲೆ ಎತ್ತದೆಯೇ ಕೇಳಿದರು: 'ಉರ್ದುವಿನಲ್ಲಿ ಬರೆಯುತ್ತೀಯೋ, ಕನ್ನಡದಲ್ಲೋ?'

ಎರಡರಲ್ಲೂ ಬರೆಯುತ್ತೇನೆ ಎಂದಿದ್ದೇನೆ.