ಸ್ಟಿಕ್ಕರ್ ಕಿತ್ತವರೆಲ್ಲ ಕಳ್ಳರಲ್ಲ

2025ರ ಜುಲೈನಲ್ಲಿ ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿ ಬಂತು. ಯುಪಿಐ ಜಮೆಯ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಿತ್ತು. ‘ಟ್ಯಾಕ್ಸ್ ಕಳ್ಳರು’ ಎಂದು ನಮ್ಮ ಕ್ಲಾಸಿನಲ್ಲೂ ನಕ್ಕವರಿದ್ದರು. ನನಗೆ ಹಾಗನ್ನಿಸಲಿಲ್ಲ.

ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಅದು ಲಾಭವಲ್ಲ, ಗಲ್ಲಾಪೆಟ್ಟಿಗೆಗೆ ಬಂದ ಒಟ್ಟು ದುಡ್ಡು. ದಿನಕ್ಕೆ 11 ಸಾವಿರದ ವ್ಯಾಪಾರವಾದರೆ ಮಿತಿ ಮುಗಿಯಿತು. ಬರೀ ಹಾಲು, ತರಕಾರಿ ಮಾರುವವರಿಗೆ ನೋಂದಣಿಯೇ ಬೇಕಿಲ್ಲ. ಭಾವ ಕೊಟ್ಟ ಕೈಗಡ, ಚೀಟಿ ಎತ್ತಿದ ಹಣವೂ ಅದೇ ಖಾತೆಗೆ ಬೀಳುತ್ತದೆ. ಇದನ್ನೆಲ್ಲ ಬಿಡಿಸಿ ಹೇಳಲು ಆಡಿಟರ್‌ಗೆ ದುಡ್ಡು ಸುರಿಯಬೇಕು. ಸ್ಟಿಕ್ಕರ್ ಕೀಳಲು ಉಗುರು ಸಾಕು.

(ಪಿಎಂ ಸ್ವನಿಧಿಯಲ್ಲಿ ಕ್ಯಾಶ್‌ಬ್ಯಾಕ್ ಆಸೆ ತೋರಿಸಿ ಬೀದಿ ವ್ಯಾಪಾರಿಗಳಿಗೆ ಡಿಜಿಟಲ್ ಪಾವತಿ ಕಲಿಸಿದ್ದೂ ಸರ್ಕಾರವೇ!)

ಬಂದ್ ಕರೆಗೂ ಮೊದಲೇ ಆ ಚೀಟಿಗಳು ಮಾತಾಡಿದ್ದವು. ಕೊನೆಗೆ ಮುಖ್ಯಮಂತ್ರಿ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಕೇಳುವುದಿಲ್ಲ ಎಂದರು. ಈ ಮಾತನ್ನು ನೋಟಿಸ್‌ಗೆ ಮೊದಲೇ, ಅಂಗಡಿಗೇ ಹೋಗಿ, ಕನ್ನಡದಲ್ಲಿ ಹೇಳಬಹುದಿತ್ತಲ್ಲ? ಕೋಡ್ ಕಿತ್ತವರಿಗೂ ನಷ್ಟವಿದೆ. ಖಾತೆಯಲ್ಲಿ ವ್ಯಾಪಾರದ ಗುರುತೇ ಇಲ್ಲದಿದ್ದರೆ ಬ್ಯಾಂಕ್ ಸಾಲ ಕೊಡುವುದಿಲ್ಲ. ಮೀಟರ್ ಬಡ್ಡಿಯವನು ಮಾತ್ರ ದಾಖಲೆ ಕೇಳದೆ ಕೊಡುತ್ತಾನೆ.