ಟಗ್ಗಿಗೊಂದು ಎಚ್ಚರಿಕೆ ಬೇಡವೇ?

ಹಡಗು ಎಷ್ಟೇ ದೊಡ್ಡದಿರಲಿ, ಬಂದರಿನಲ್ಲಿ ಅದನ್ನು ನೂಕಿ, ಎಳೆದು ನಿಲ್ಲಿಸುವುದು ಪುಟ್ಟ ಟಗ್ಗು. ಹೊರಸಮುದ್ರದಲ್ಲಿ ತೈಲಹಡಗುಗಳ ಚಾಕರಿಯೂ ಅದರದೇ. ಮಂಗಳೂರಿನ ತೈಲಾಗಾರಕ್ಕಾಗಿ ಅಂಥ ಚಾಕರಿಯಲ್ಲಿದ್ದ ‘ಅಲಯನ್ಸ್’ 2021ರ ಮೇ 15ರಂದು ತೌಕ್ತೆ ಚಂಡಮಾರುತದ ಅಬ್ಬರಕ್ಕೆ ಮಗುಚಿ, ಪಡುಬಿದ್ರಿಯ ದಡಕ್ಕೆ ಬಂದು ಬಿತ್ತು. ಎಂಟು ಮಂದಿಯಲ್ಲಿ ಈಜಿ ದಡ ಸೇರಿದವರು ಮೂವರೇ. ಕಾಪು ಬಳಿ ಬಂಡೆಗೆ ಸಿಕ್ಕಿಬಿದ್ದ ಇನ್ನೊಂದು ಟಗ್ಗಿನ ಒಂಬತ್ತು ಮಂದಿಯನ್ನು ಮೇ 17ರಂದು ಪಾರುಮಾಡಲಾಯಿತು. ಅದು ಅವರ ಪುಣ್ಯ.

ಗಾಳಿಯ ಮುನ್ಸೂಚನೆಯೇನೋ ಮೊದಲೇ ಬಂದಿತ್ತು. ಕಡಲಿಗಿಳಿಯಬೇಡಿರೆಂದು ಮೀನುಗಾರರಿಗೆ ಸಾರಿಯೂ ಆಗಿತ್ತು. ನಮ್ಮ ಕಾಸರಗೋಡಿನ ದೋಣಿಗೆ ಸಲ್ಲುವ ಎಚ್ಚರಿಕೆ ಕೂಲಿಗೆ ನಿಂತ ಟಗ್ಗಿಗೂ ಸಲ್ಲಬೇಡವೇ? ಅಂಥ ದಿನ ಅದನ್ನು ಒಳಗೆ ಕರೆಸುವ ಹೊಣೆ ಗುತ್ತಿಗೆದಾರನ ಮರ್ಜಿಗೆ ಬಿಡದೆ ಬಂದರಿನ ಅಧಿಕಾರಿಗೇ ವಹಿಸಲಿ. ಆ ದಿನದ ಕೂಲಿಯನ್ನೂ ಕಡಿಯದಿರಲಿ.